ಇಳಿಜಾರಿನ ಸವಾರಿಗೆ ಅಧಿಕಾರಿ ಯಾರು?

ಯಾವುದೇ ಶಾಸ್ತ್ರಗ್ರಂಥದ ಅಧ್ಯಯನಕ್ಕೆ ತೊಡಗುವ ಮುನ್ನ ನಾಲ್ಕು ಸಂಗತಿಗಳನ್ನು ಗೊತ್ತುಮಾಡಿಕೊಳ್ಳುವುದು ನಮ್ಮ ಹಿಂದಿನವರ ಪದ್ಧತಿ. ವಿಷಯ ಯಾವುದು, ಅದರ ಪ್ರಯೋಜನವೇನು, ಗ್ರಂಥಕ್ಕೂ ವಿಷಯಕ್ಕೂ ಇರುವ ಸಂಬಂಧವೇನು, ಅದನ್ನು ಓದಲು ಅಧಿಕಾರಿ ಯಾರು ಎಂಬವೇ ಆ ನಾಲ್ಕು. ಇಲ್ಲಿ ಅಧಿಕಾರಿ ಎಂದರೆ ಹುದ್ದೆಯಲ್ಲಿ ಕುಳಿತವನಲ್ಲ. ಆ ವಿದ್ಯೆಗೆ ಬೇಕಾದ ಪೂರ್ವಸಿದ್ಧತೆಯನ್ನು ಸಂಪಾದಿಸಿಕೊಂಡವನು. ಶಬ್ದರೂಪಗಳೇ ಬಾರದ ವಟುವಿನ ಕೈಗೆ ಮಹಾಭಾಷ್ಯವನ್ನು ಕೊಟ್ಟರೆ ಗ್ರಂಥಕ್ಕೆ ಯಾವ ನಷ್ಟವೂ ಇಲ್ಲ, ನಷ್ಟವೆಲ್ಲ ವಟುವಿನದು. ಮಠದ ಪಾಠಶಾಲೆಯಲ್ಲಿ ಓದಿದ ನಮಗೆ ಈ ನಾಲ್ಕರಲ್ಲಿ ಕೊನೆಯದೇ ಅತಿ ಮುಖ್ಯವೆಂದು ತೋರುತ್ತದೆ. ಉಳಿದ ಮೂರನ್ನು ಗುರು ಹೇಳಿಕೊಡಬಲ್ಲನು. ನಾಲ್ಕನೆಯದನ್ನು ವಿದ್ಯಾರ್ಥಿಯು ತನ್ನೊಳಗೆ ತಾನೇ ನೋಡಿಕೊಳ್ಳಬೇಕು.

ಈ ಮಾತನ್ನು ಇಂದು ಒಂದು ಹೊಸ ಕ್ರೀಡೆಯ ಸಂಬಂಧದಲ್ಲಿ ವಿಚಾರ ಮಾಡಬೇಕಾಗಿದೆ. ನಮ್ಮ ಕುಟುಂಬಗಳ ಅನೇಕ ತರುಣ ತರುಣಿಯರು ವ್ಯಾಂಕೂವರ್, ಸಿಯಾಟಲ್, ಲಂಡನ್ ಮೊದಲಾದ ನಗರಗಳಲ್ಲಿ ವಿದ್ಯಾಭ್ಯಾಸಕ್ಕೋ ಉದ್ಯೋಗಕ್ಕೋ ನೆಲೆಸಿದ್ದಾರೆ. ಬೇಸಿಗೆ ಬಂದೊಡನೆ ಸಹೋದ್ಯೋಗಿಗಳು ಅವರನ್ನು ಬೆಟ್ಟಕ್ಕೆ ಕರೆಯುತ್ತಾರೆ. ಅಲ್ಲಿ ಕುರ್ಚಿ ಕಟ್ಟಿದ ತಂತಿಯ ಲಿಫ್ಟಿನಲ್ಲಿ ಸೈಕಲ್ಲಿನೊಡನೆ ಮೇಲೇರಿ, ಕಾಡಿನ ನಡುವೆ ಕಡಿದ ಹಾದಿಗಳಲ್ಲಿ ವೇಗವಾಗಿ ಕೆಳಗಿಳಿಯುವುದೇ ವಿನೋದ. ಇದಕ್ಕೆ ಡೌನ್‌ಹಿಲ್ ಮೌಂಟನ್ ಬೈಕಿಂಗ್ ಎಂದೂ ಅದಕ್ಕಾಗಿ ಸಿದ್ಧಪಡಿಸಿದ ಬೆಟ್ಟಕ್ಕೆ ಬೈಕ್ ಪಾರ್ಕ್ ಎಂದೂ ಹೆಸರು. ಊರಿನಲ್ಲಿರುವ ತಾಯಿತಂದೆಗಳಿಗೆ ಈ ಸುದ್ದಿ ದೂರವಾಣಿಯಲ್ಲಿ ತಲುಪಿದಾಗ ಹರ್ಷಿಸಬೇಕೋ ಅಂಜಬೇಕೋ ತಿಳಿಯುವುದಿಲ್ಲ. ಆ ಬೆಟ್ಟ ತನಗೆ ತಕ್ಕದ್ದೋ ಅಲ್ಲವೋ ಎಂಬುದನ್ನು ಸವಾರನು ಹೇಗೆ ನಿರ್ಣಯಿಸಬೇಕು, ಮನೆಯವರು ಅವನನ್ನು ಏನು ಕೇಳಬೇಕು ಎಂಬುದನ್ನು ಕ್ರಮವಾಗಿ ನೋಡೋಣ.

ಏರುವ ಶ್ರಮ ತಪ್ಪಿದ ಮೇಲೆ

ಈ ಕ್ರೀಡೆಯ ಹುಟ್ಟಿನ ಕಥೆಯಲ್ಲಿಯೇ ನಮಗೆ ಬೇಕಾದ ಒಂದು ಸೂಕ್ಷ್ಮವಿದೆ. ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತದ ಮ್ಯಾರಿನ್ ಕೌಂಟಿಯಲ್ಲಿ, ಫೇರ್‌ಫ್ಯಾಕ್ಸ್ ಎಂಬ ಊರಿನ ಬಳಿಯ ಮಣ್ಣಿನ ಇಳಿಜಾರಿನಲ್ಲಿ 1976ರಲ್ಲಿ ಕೆಲವು ತರುಣರು ಹಳೆಯ ಗಟ್ಟಿ ಸೈಕಲ್ಲುಗಳನ್ನು ಓಡಿಸಿ ಪಂದ್ಯ ನಡೆಸಿದರು. ಆ ಸೈಕಲ್ಲುಗಳ ಬ್ರೇಕು ಹಿಂದಿನ ಚಕ್ರದ ಗುಂಬದೊಳಗೇ ಇರುತ್ತಿತ್ತು. ಒಂದೇ ಇಳಿತದಲ್ಲಿ ಅದು ಕಾದು ಒಳಗಿನ ಗ್ರೀಸು ಸುಟ್ಟು ಹೊಗೆಯಾಗುತ್ತಿದ್ದುದರಿಂದ ಮತ್ತೆ ಗ್ರೀಸು ತುಂಬಬೇಕಾಗುತ್ತಿತ್ತು. ಹಾಗೆ ತುಂಬುವ ಕೆಲಸದಿಂದಲೇ ಆ ಹಾದಿಗೆ ರೀಪ್ಯಾಕ್ ಎಂಬ ಹೆಸರು ಬಂದಿತು. ಮುಂದೆ ಬೆಟ್ಟಕ್ಕೆಂದೇ ಸೈಕಲ್ಲುಗಳು ತಯಾರಾದವು. 1990ರಲ್ಲಿ ಕೊಲರಾಡೋದ ಡುರಾಂಗೋದಲ್ಲಿ ಮೊದಲ ಅಧಿಕೃತ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. 1996ರ ಅಟ್ಲಾಂಟಾ ಒಲಿಂಪಿಕ್ಸಿಗೆ ಮೌಂಟನ್ ಬೈಕಿಂಗ್ ಸೇರಿತಾದರೂ ಅಲ್ಲಿ ಸ್ಥಾನ ದೊರೆತದ್ದು ಏರಿಳಿತಗಳೆರಡೂ ಇರುವ ಕ್ರಾಸ್ ಕಂಟ್ರಿ ಪ್ರಕಾರಕ್ಕೆ. ಕೇವಲ ಇಳಿಯುವ ಡೌನ್‌ಹಿಲ್ಲಿಗೆ ಅಲ್ಲ.

ಬೈಕ್ ಪಾರ್ಕುಗಳಲ್ಲಿ ಲೋಕಪ್ರಸಿದ್ಧವಾದುದು ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತದ ವಿಸ್ಲರ್. ವ್ಯಾಂಕೂವರಿನಿಂದ ಉತ್ತರಕ್ಕೆ ಸುಮಾರು 120 ಕಿಲೋಮೀಟರ್ ದೂರದಲ್ಲಿ, ಕಡಲಂಚಿನಿಂದ ಪರ್ವತಕ್ಕೆ ಏರುವ 99ನೆಯ ಹೆದ್ದಾರಿಯಲ್ಲಿ ಈ ಊರಿದೆ. 1966ರಿಂದ ಅಲ್ಲಿ ಹಿಮದ ಮೇಲೆ ಜಾರುವ ಸ್ಕೀ ಕ್ರೀಡೆ ನಡೆಯುತ್ತಿದೆ. ಹಿಮ ಕರಗಿದ ತಿಂಗಳುಗಳಲ್ಲಿ ಸುಮ್ಮನೆ ನಿಲ್ಲುತ್ತಿದ್ದ ಲಿಫ್ಟುಗಳನ್ನು ಸೈಕಲ್ಲು ಸಾಗಿಸಲು ಬಳಸಿಕೊಂಡು 1999ರಲ್ಲಿ ಬೈಕ್ ಪಾರ್ಕನ್ನು ವಿಧ್ಯುಕ್ತವಾಗಿ ಆರಂಭಿಸಿದರು. ಊರು ಸಮುದ್ರಮಟ್ಟದಿಂದ ಸುಮಾರು 675 ಮೀಟರ್ ಎತ್ತರದಲ್ಲಿದೆ. ವಿಸ್ಲರ್ ಶಿಖರದ ಎತ್ತರ ಸುಮಾರು 2,180 ಮೀಟರ್. ಶಿಖರದಿಂದ ಊರಿನವರೆಗೆ ಇಳಿಯುವವನು ಒಂದೂವರೆ ಕಿಲೋಮೀಟರಿನಷ್ಟು ಎತ್ತರವನ್ನು ಕಳೆದುಕೊಳ್ಳುತ್ತಾನೆಂದಾಯಿತು.

ಸೂಕ್ಷ್ಮವಿರುವುದು ಲಿಫ್ಟಿನಲ್ಲಿ. ತುಳಿದು ಬೆಟ್ಟವನ್ನೇರಬೇಕಾಗಿದ್ದ ಕಾಲದಲ್ಲಿ ಆ ಏರು ತಾನೇ ಒಬ್ಬ ಪರೀಕ್ಷಕನಾಗಿತ್ತು. ಅರ್ಧ ದಾರಿಯಲ್ಲಿ ಉಸಿರು ಕಟ್ಟಿದವನು ಅಲ್ಲಿಂದಲೇ ಹಿಂದಿರುಗುತ್ತಿದ್ದ. ಶಿಖರ ಮುಟ್ಟಿದವನು ಹತ್ತಾರು ಬಾರಿ ಹತ್ತಿ ಇಳಿದು ತನ್ನ ಸೈಕಲ್ಲನ್ನೂ ತನ್ನ ಮೈಯನ್ನೂ ಅರಿತಿರುತ್ತಿದ್ದ. ಲಿಫ್ಟು ಯಾರನ್ನೂ ಪರೀಕ್ಷಿಸುವುದಿಲ್ಲ. ಚೀಟಿ ಕೊಂಡವರೆಲ್ಲರನ್ನೂ, ಹತ್ತು ವರ್ಷ ಪಳಗಿದವನನ್ನೂ ನಿನ್ನೆ ಬಾಡಿಗೆಗೆ ಸೈಕಲ್ಲು ಹಿಡಿದವನನ್ನೂ, ಒಂದೇ ಎತ್ತರಕ್ಕೆ ಒಯ್ದು ಬಿಡುತ್ತದೆ. ಹಿಂದೆ ಬೆಟ್ಟವೇ ಮಾಡುತ್ತಿದ್ದ ಆಯ್ಕೆಯನ್ನು ಈಗ ಸವಾರನು ತಾನೇ ಮಾಡಿಕೊಳ್ಳಬೇಕು. ಹಾದಿ ತನಗೆ ತಕ್ಕದ್ದೇ ಎಂಬ ಪ್ರಶ್ನೆಗೆ ಇಷ್ಟು ತೂಕ ಬಂದಿರುವುದು ಈ ಕಾರಣದಿಂದ.

ಫಲಕದ ಭಾಷೆ

ಪ್ರತಿಯೊಂದು ಹಾದಿಯ ತಲೆಯಲ್ಲಿ ಒಂದು ಫಲಕವಿರುತ್ತದೆ. ಅದರ ಮೇಲಿನ ಚಿಹ್ನೆಗಳು ಸ್ಕೀ ಕ್ರೀಡೆಯಿಂದ ಬಂದವು. ಉತ್ತರ ಅಮೆರಿಕದಲ್ಲಿ ಹಸಿರು ವೃತ್ತವೆಂದರೆ ಸುಲಭ, ನೀಲಿ ಚೌಕವೆಂದರೆ ಮಧ್ಯಮ, ಕಪ್ಪು ವಜ್ರಾಕೃತಿ ಎಂದರೆ ಕಠಿಣ, ಜೋಡಿ ಕಪ್ಪು ವಜ್ರವೆಂದರೆ ಅತಿ ಕಠಿಣ. 1988ರಲ್ಲಿ ಸ್ಥಾಪನೆಗೊಂಡ ಅಂತರರಾಷ್ಟ್ರೀಯ ಮೌಂಟನ್ ಬೈಸಿಕ್ಲಿಂಗ್ ಸಂಘವು ಈ ಚಿಹ್ನೆಗಳಿಗೆ ಅಳತೆಗಳನ್ನೂ ಸೂಚಿಸಿದೆ. ಹಸಿರು ಹಾದಿಯ ಅಗಲ 36 ಅಂಗುಲವೋ ಅದಕ್ಕಿಂತ ಹೆಚ್ಚೋ ಇರಬೇಕು. ಸರಾಸರಿ ಇಳಿಜಾರು ನೂರಕ್ಕೆ 5ನ್ನು ಮೀರಬಾರದು. ತಪ್ಪಿಸಿಕೊಳ್ಳಲಾಗದ ಅಡೆತಡೆ 2 ಅಂಗುಲಕ್ಕಿಂತ ಎತ್ತರವಿರಬಾರದು. ನೀಲಿಗೆ ಬಂದರೆ ಅಗಲ 24 ಅಂಗುಲ, ಇಳಿಜಾರು ನೂರಕ್ಕೆ 10, ಅಡೆತಡೆ 8 ಅಂಗುಲ. ಕಪ್ಪಿನಲ್ಲಿ ಅಗಲ 12 ಅಂಗುಲಕ್ಕೆ ಇಳಿಯಬಹುದು, ಇಳಿಜಾರು ನೂರಕ್ಕೆ 15 ಆಗಬಹುದು, ಕಲ್ಲು ಬೇರುಗಳು 15 ಅಂಗುಲದವರೆಗೆ ತಲೆಯೆತ್ತಬಹುದು. ಜೋಡಿ ಕಪ್ಪಿನಲ್ಲಿ ಅಗಲ ಕೇವಲ 6 ಅಂಗುಲವಿದ್ದರೂ ಆಶ್ಚರ್ಯಪಡುವಂತಿಲ್ಲ. ನೂರಕ್ಕೆ 10 ಎಂದರೆ ನೂರು ಅಡಿ ಮುಂದೆ ಸಾಗುವಷ್ಟರಲ್ಲಿ ಹತ್ತು ಅಡಿ ಕೆಳಗಿಳಿಯುವುದು ಎಂದರ್ಥ.

ಈ ಅಂಕಿಗಳನ್ನು ಓದುವಾಗ ಒಂದು ವಿಷಯವನ್ನು ಗಮನಿಸಬೇಕು. ಹಸಿರಿನಿಂದ ನೀಲಿಗೆ ಹೋದಾಗ ಅಡೆತಡೆಯ ಎತ್ತರ ನಾಲ್ಕು ಪಟ್ಟಾಗುತ್ತದೆ, ಇಳಿಜಾರು ಎರಡು ಪಟ್ಟಾಗುತ್ತದೆ, ಹಾದಿಯ ಅಗಲ ಮೂರರಲ್ಲಿ ಒಂದು ಪಾಲು ಕಡಿಮೆಯಾಗುತ್ತದೆ. ಇವು ಮೂರೂ ಒಟ್ಟಿಗೇ ಸಂಭವಿಸುತ್ತವೆ. ಒಂದು ಮೆಟ್ಟಿಲು ಮೇಲಿನದೆಂದರೆ ತುಸುವೇ ಹೆಚ್ಚಿನದೆಂದು ತಿಳಿಯುವುದು ಸಲ್ಲದು. ನಾಲ್ಕನೆಯ ತರಗತಿಯಿಂದ ಐದನೆಯದಕ್ಕೆ ಹೋದಂತೆ ಇದಲ್ಲ. ಪ್ರಾಥಮಿಕ ಶಾಲೆಯಿಂದ ಪ್ರೌಢಶಾಲೆಗೆ ಹೋದಂತೆ.

ಯುರೋಪಿನಲ್ಲಿ ಬಣ್ಣಗಳ ಕ್ರಮವೇ ಬೇರೆ. ಬ್ರಿಟನ್ನಿನಲ್ಲಿಯೂ ಫ್ರಾನ್ಸಿನಲ್ಲಿಯೂ ಹಸಿರು, ನೀಲಿ, ಕೆಂಪು, ಕಪ್ಪು ಎಂಬುದು ಅನುಕ್ರಮ. ವೇಲ್ಸಿನ ಮರ್ಥರ್ ಟಿಡ್‌ಫಿಲ್ ಬಳಿ 2013ರಲ್ಲಿ ತೆರೆದ ಬೈಕ್ ಪಾರ್ಕ್ ವೇಲ್ಸ್ ಎಂಬಲ್ಲಿ ಲಿಫ್ಟಿನ ಬದಲು ವ್ಯಾನುಗಳು ಸವಾರರನ್ನು ಮೇಲಕ್ಕೆ ಒಯ್ಯುತ್ತವೆ. ಅಲ್ಲಿಯೂ ಇದೇ ಕ್ರಮವಿದೆ. ವಿಸ್ಲರಿನಲ್ಲಿ ಪಳಗಿದವನು ಅಲ್ಲಿ ಕೆಂಪು ಗುರುತನ್ನು ಕಂಡು ಗೊಂದಲಕ್ಕೆ ಒಳಗಾಗಬಹುದು. ಅದು ನೀಲಿಗಿಂತ ಮೇಲಿನದು, ಕಪ್ಪಿಗಿಂತ ಕೆಳಗಿನದು ಎಂಬುದನ್ನು ಮೊದಲೇ ಅರಿತಿರಬೇಕು.

ಫಲಕವು ಹೇಳದಿರುವುದು

ಫಲಕವನ್ನು ಓದಿದಷ್ಟಕ್ಕೆ ನಿರ್ಣಯ ಮುಗಿಯುವುದಿಲ್ಲ. ಮೊದಲನೆಯದಾಗಿ, ಬಣ್ಣವು ಆಯಾ ಬೆಟ್ಟದೊಳಗಿನ ಹೋಲಿಕೆಯನ್ನು ಮಾತ್ರ ತಿಳಿಸುತ್ತದೆ. ಈ ಬೆಟ್ಟದ ಹಾದಿಗಳಲ್ಲಿ ಇದು ಸುಲಭವಾದುದು ಎಂದಷ್ಟೇ ಹಸಿರಿನ ಅರ್ಥ. ಲೋಕದ ಹಾದಿಗಳಲ್ಲೆಲ್ಲ ಸುಲಭವಾದುದು ಎಂದಲ್ಲ. ಸಣ್ಣ ಗುಡ್ಡದ ಕಪ್ಪು ಹಾದಿಯನ್ನು ಇಳಿದವನಿಗೆ ದೊಡ್ಡ ಪರ್ವತದ ನೀಲಿ ಹಾದಿಯೇ ಬೆವರಿಳಿಸಬಹುದು. ಆದುದರಿಂದ ಹೊಸ ಪಾರ್ಕಿಗೆ ಹೋದವನು ಎಷ್ಟೇ ನುರಿತವನಾಗಿದ್ದರೂ ಅಲ್ಲಿನ ಹಸಿರು ಹಾದಿಯಿಂದಲೇ ಆರಂಭಿಸಬೇಕು. ಒಂದು ಸುತ್ತಿನಲ್ಲಿ ಆ ಬೆಟ್ಟದ ಬಣ್ಣಗಳ ಬೆಲೆ ತಿಳಿಯುತ್ತದೆ.

ಎರಡನೆಯದಾಗಿ, ಒಂದೇ ಬಣ್ಣದೊಳಗೆ ಎರಡು ಜಾತಿಯ ಹಾದಿಗಳಿವೆ. ಕೆಲವನ್ನು ಯಂತ್ರದಿಂದ ಅಗೆದು, ಮಣ್ಣನ್ನು ತಟ್ಟಿ ನುಣುಪು ಮಾಡಿ, ತಿರುವುಗಳಿಗೆ ಬಾವಿಯ ಕಟ್ಟೆಯಂತೆ ಹೊರಅಂಚನ್ನು ಎತ್ತರಿಸಿ, ನಡುನಡುವೆ ನೆಗೆತದ ದಿಬ್ಬಗಳನ್ನು ಕಟ್ಟಿರುತ್ತಾರೆ. ಇನ್ನು ಕೆಲವು ಕಾಡು ಇದ್ದ ಹಾಗೆಯೇ ಬಿಟ್ಟವು. ಅಲ್ಲಿ ಬೇರು, ಬಂಡೆ, ಕಡಿದಾದ ಇಕ್ಕಟ್ಟುಗಳೇ ಸವಾಲು. ಮೊದಲನೆಯ ಜಾತಿಯು ವೇಗವನ್ನೂ ಗಾಳಿಯಲ್ಲಿ ಸಮತೋಲವನ್ನೂ ಬೇಡುತ್ತದೆ; ಎರಡನೆಯದು ನಿಧಾನವನ್ನೂ ಚಕ್ರವನ್ನು ಅಂಗುಲದ ಲೆಕ್ಕದಲ್ಲಿ ನಡೆಸುವ ಕೌಶಲವನ್ನೂ ಬೇಡುತ್ತದೆ. ಒಂದರಲ್ಲಿ ಪ್ರವೀಣನಾದವನು ಇನ್ನೊಂದರಲ್ಲಿ ಶಿಶುವಾಗಿರಬಹುದು.

ವಿಸ್ಲರಿನ ಎ-ಲೈನ್ ಎಂಬ ಹಾದಿ ಇದಕ್ಕೆ ಒಳ್ಳೆಯ ಉದಾಹರಣೆ. ಅದರ ನೆಲ ನುಣುಪಾದ ಮಣ್ಣು. ನೋಡಿದವನಿಗೆ ಇದೇನು ಕಷ್ಟವೆಂದು ತೋರಬಹುದು. ಆದರೂ ಅದಕ್ಕೆ ಕಪ್ಪು ವಜ್ರದ ಗುರುತಿದೆ. ಒಂದರ ಹಿಂದೊಂದು ಬರುವ ದೊಡ್ಡ ದಿಬ್ಬಗಳು ಸವಾರನನ್ನು ಗಾಳಿಗೆ ಎತ್ತುತ್ತವೆ ಎಂಬುದೇ ಅದಕ್ಕೆ ಕಾರಣ. ಅದೇ ಬೆಟ್ಟದಲ್ಲಿ ಕ್ರ್ಯಾಂಕ್ ಇಟ್ ಅಪ್ ಎಂಬ ನೀಲಿ ಹಾದಿಯಲ್ಲಿ ಇಂಥವೇ ದಿಬ್ಬಗಳು ಚಿಕ್ಕ ಪ್ರಮಾಣದಲ್ಲಿವೆ. ಬಿ-ಲೈನ್ ಇನ್ನೊಂದು ನೀಲಿ ಹಾದಿ. ಈಸಿ ಡಸ್ ಇಟ್ ಎಂಬುದು ಹೊಸಬರ ಹಸಿರು ಹಾದಿ. ಹಸಿರಿನಿಂದ ಬಿ-ಲೈನಿಗೆ, ಅಲ್ಲಿಂದ ಕ್ರ್ಯಾಂಕ್ ಇಟ್ ಅಪ್‌ಗೆ, ಅದು ಕರಗತವಾದ ಮೇಲೆ ಎ-ಲೈನಿಗೆ ಹೋಗುವುದು ಕ್ರಮಬದ್ಧವಾದ ಪಾಠದಂತೆ. ನಡುವಿನ ಪಾಠಗಳನ್ನು ಬಿಟ್ಟು ಕೊನೆಯದಕ್ಕೆ ಹಾರುವುದರಿಂದಲೇ ಅನರ್ಥ.

ದಿಬ್ಬಗಳಲ್ಲಿಯೂ ಒಂದು ಭೇದವನ್ನು ತಿಳಿದಿರಬೇಕು. ಏರುವ ಮುಖಕ್ಕೂ ಇಳಿಯುವ ಮುಖಕ್ಕೂ ನಡುವೆ ಮಣ್ಣು ತುಂಬಿ ಮೇಜಿನಂತೆ ಸಮತಟ್ಟಾಗಿದ್ದರೆ ಅದು ಟೇಬಲ್‌ಟಾಪ್. ನೆಗೆತ ಸಾಲದೆ ಬಂದರೂ ಚಕ್ರ ಆ ಮೇಜಿನ ಮೇಲೆ ಬೀಳುತ್ತದೆ. ನೆಗೆಯಲು ಇಷ್ಟವಿಲ್ಲದವನು ನಿಧಾನವಾಗಿ ಅದರ ಮೇಲೆ ಉರುಳಿಕೊಂಡೇ ಹೋಗಬಹುದು. ನಡುವೆ ಬಯಲಾಗಿ ಹಳ್ಳವೇ ಇದ್ದರೆ ಅದು ಗ್ಯಾಪ್. ಅಲ್ಲಿ ಒಂದು ಗೇಣು ಕಡಿಮೆಯಾದರೂ ಕ್ಷಮೆಯಿಲ್ಲ. ಉರುಳಿ ದಾಟಲು ಬರುವ ಹಾದಿ ಕಲಿಯುವವನಿಗೆ ಸ್ನೇಹಿತ; ಹಾರಲೇಬೇಕಾದ ಹಾದಿ ಕಲಿತವನಿಗೆ ಮಾತ್ರ.

ಮೂರನೆಯದಾಗಿ, ಫಲಕವು ಹವೆಯನ್ನು ಬಲ್ಲದ್ದಲ್ಲ. ಮಳೆ ಬಿದ್ದ ಮರುದಿನ ಒದ್ದೆಯಾದ ಬೇರು ಸಾಬೂನಿನಂತೆ ಜಾರುತ್ತದೆ. ಮಳೆಯಿಲ್ಲದೆ ವಾರಗಳು ಕಳೆದರೆ ಮೇಲ್ಮಣ್ಣು ಹುಡಿಯಾಗಿ ತಿರುವಿನಲ್ಲಿ ಚಕ್ರಕ್ಕೆ ಹಿಡಿತ ಸಿಗುವುದಿಲ್ಲ. ನೂರಾರು ಸವಾರರು ಬ್ರೇಕು ಹಿಡಿದ ಜಾಗಗಳಲ್ಲಿ ನೆಲ ತೊಳಕಲು ತೊಳಕಲಾಗಿ ಕೈಗಳನ್ನು ನಡುಗಿಸುತ್ತದೆ. ನಿನ್ನೆ ನೀಲಿಯಾಗಿದ್ದುದು ಇಂದು ಕಪ್ಪಿನಂತೆ ವರ್ತಿಸಬಹುದು. ಫಲಕ ಮಾತ್ರ ನೀಲಿಯಾಗಿಯೇ ಇರುತ್ತದೆ.

ತನ್ನನ್ನು ತಾನು ಅಳೆಯುವ ಬಗೆ

ಹಾದಿಯ ಪರೀಕ್ಷೆ ಹೀಗಾದರೆ ಸವಾರನ ಪರೀಕ್ಷೆ ಹೇಗೆ? ಇಲ್ಲಿ ಧೈರ್ಯವನ್ನು ಅಳತೆಗೋಲಾಗಿ ಇಟ್ಟುಕೊಳ್ಳಬಾರದೆಂಬುದು ನಮ್ಮ ಮೊದಲ ಮಾತು. ಧೈರ್ಯ ಕ್ಷಣಕ್ಕೊಮ್ಮೆ ಏರಿ ಇಳಿಯುವ ವಸ್ತು; ಗೆಳೆಯರು ನೋಡುತ್ತಿದ್ದರೆ ಅದು ತಾನಾಗಿ ಏರುತ್ತದೆ. ಕೈಕಾಲುಗಳ ಅಭ್ಯಾಸ ಹಾಗಲ್ಲ. ಯಾರು ನೋಡಿದರೂ ನೋಡದಿದ್ದರೂ ಅದು ಇದ್ದಷ್ಟೇ ಇರುತ್ತದೆ.

ಮೊದಲ ಪರೀಕ್ಷೆ ಬ್ರೇಕಿನದು. ನಮ್ಮ ಮಕ್ಕಳು ಇದನ್ನು ವಿಶೇಷವಾಗಿ ಗಮನಿಸಬೇಕು. ಊರಿನಲ್ಲಿ ಅವರು ಓಡಿಸಿ ಬಂದ ಸ್ಕೂಟರಿನಲ್ಲಿಯೂ ಮೋಟಾರು ಸೈಕಲ್ಲಿನಲ್ಲಿಯೂ ಬಲಗೈಯ ಹಿಡಿಕೆ ಮುಂದಿನ ಚಕ್ರವನ್ನು ತಡೆಯುತ್ತದೆ. ಕೆನಡಾ ಮತ್ತು ಅಮೆರಿಕದ ಸೈಕಲ್ಲುಗಳಲ್ಲಿ ಇದು ಸಾಮಾನ್ಯವಾಗಿ ತಿರುವುಮುರುವು. ಮುಂದಿನ ಚಕ್ರದ ಬ್ರೇಕು ಎಡಗೈಯಲ್ಲಿ, ಹಿಂದಿನದು ಬಲಗೈಯಲ್ಲಿ. ಬ್ರಿಟನ್ನಿನ ಸೈಕಲ್ಲುಗಳಲ್ಲಿ ಮತ್ತೆ ಬಲಗೈಯದೇ ಮುಂದಿನ ಚಕ್ರಕ್ಕೆ. ಗಾಬರಿಯಾದಾಗ ಕೈ ಹಳೆಯ ಅಭ್ಯಾಸದಂತೆ ನಡೆಯುತ್ತದೆಯೇ ಹೊರತು ಹೊಸ ತಿಳಿವಳಿಕೆಯಂತೆ ಅಲ್ಲ. ಕಡಿದಾದ ಇಳಿಜಾರಿನಲ್ಲಿ ಹಿಂದಿನದೆಂದು ಭಾವಿಸಿ ಮುಂದಿನ ಚಕ್ರವನ್ನು ಬಿಗಿಹಿಡಿದವನು ಹ್ಯಾಂಡಲ್ಲಿನ ಮೇಲಿನಿಂದ ತಲೆಕೆಳಗಾಗಿ ಬೀಳುತ್ತಾನೆ. ಬಾಡಿಗೆಯ ಸೈಕಲ್ಲು ಕೈಗೆ ಬಂದೊಡನೆ ಯಾವ ಹಿಡಿಕೆ ಯಾವ ಚಕ್ರದ್ದು ಎಂದು ನೋಡಿ, ಸಮನೆಲದಲ್ಲಿ ಅರ್ಧ ಗಂಟೆಯಾದರೂ ನಿಲ್ಲಿಸುವ ಅಭ್ಯಾಸ ಮಾಡದೆ ಲಿಫ್ಟಿನ ಬಳಿಗೆ ಸುಳಿಯಬಾರದು.

ಎರಡನೆಯ ಪರೀಕ್ಷೆ ನಿಲುಗಡೆಯದು. ವೇಗ ಎರಡು ಪಟ್ಟಾದರೆ ನಿಲ್ಲಲು ಬೇಕಾಗುವ ದೂರ ನಾಲ್ಕು ಪಟ್ಟಾಗುತ್ತದೆ. ಇದು ಭೌತಶಾಸ್ತ್ರದ ನಿಯಮ, ಯಾರ ಕುಶಲತೆಗೂ ಬಗ್ಗದು. ಆದುದರಿಂದ ಇಳಿಯುತ್ತಿರುವಾಗ ಮುಂದೆ ಕಾಣುವ ಯಾವುದಾದರೂ ಮರವನ್ನೋ ಕಲ್ಲನ್ನೋ ಗುರುತಿಟ್ಟುಕೊಂಡು, ಅದಕ್ಕಿಂತ ಮುಂಚೆ ಚಕ್ರ ಜಾರದಂತೆ ನಿಲ್ಲಬಲ್ಲೆನೇ ಎಂದು ನೋಡಿಕೊಳ್ಳಬೇಕು. ಹಾದಿಯ ಉದ್ದಕ್ಕೂ ಬೇಕೆಂದಲ್ಲಿ ನಿಲ್ಲಬಲ್ಲವನಿಗೆ ಆ ಹಾದಿ ತಕ್ಕದ್ದು. ನಿಲ್ಲಲಾರದೆ ಕೆಳಗೆ ತಲುಪಿದವನು ಹಾದಿಯನ್ನು ಇಳಿದವನಲ್ಲ. ಹಾದಿಯೇ ಅವನನ್ನು ಇಳಿಸಿತು. ಈ ಎರಡರ ನಡುವಿನ ಅಂತರವನ್ನು ಹೊರಗಿನವರು ಕಾಣಲಾರರು. ಸವಾರನು ಮಾತ್ರ ಬಲ್ಲನು.

ಮೂರನೆಯದು ನಿಲುವು. ಇಳಿಜಾರಿನಲ್ಲಿ ಸೀಟಿನ ಮೇಲೆ ಕೂರುವಂತಿಲ್ಲ. ಪೆಡಲುಗಳೆರಡನ್ನೂ ಸಮನಾಗಿಟ್ಟು ಅವುಗಳ ಮೇಲೆ ನಿಂತು, ಮೊಳಕಾಲು ಮೊಳಕೈಗಳನ್ನು ಸಡಿಲವಾಗಿ ಬಾಗಿಸಿ, ದೃಷ್ಟಿಯನ್ನು ಮುಂದಿನ ಚಕ್ರದ ಬುಡದಲ್ಲಿಡದೆ ಹಾದಿ ಹೋಗುವ ಕಡೆ ಇಡಬೇಕು. ಒಂದು ಸುತ್ತು ಮುಗಿಯುವಷ್ಟರಲ್ಲಿ ತೊಡೆ ಉರಿದು, ಮುಂಗೈ ಮರಗಟ್ಟಿ, ಬೆರಳು ಬ್ರೇಕನ್ನು ಸರಿಯಾಗಿ ಹಿಡಿಯದಂತಾದರೆ ಆ ಹಾದಿ ಇನ್ನೂ ದೊಡ್ಡದು ಎಂದು ದೇಹವೇ ಹೇಳುತ್ತಿದೆ.

ನಾಲ್ಕನೆಯದು ಪುನರಾವೃತ್ತಿ. ವೇದಪಾಠವನ್ನು ಒಮ್ಮೆ ತಪ್ಪಿಲ್ಲದೆ ಹೇಳಿದವನಿಗೆ ಪಾಠ ಬಂದಿತೆಂದು ಗುರು ಒಪ್ಪುವುದಿಲ್ಲ. ಮರುದಿನವೂ ಅದರ ಮರುದಿನವೂ ಹೇಳಿಸುತ್ತಾನೆ. ಹಾಗೆಯೇ ಒಂದು ಬಣ್ಣದ ಹಾದಿಯನ್ನು ಮೂರು ಬಾರಿಯಾದರೂ, ಬೀಳದೆ, ಗಾಬರಿಗೊಳ್ಳದೆ, ಒಂದೇ ಹದದಲ್ಲಿ ಇಳಿದ ಮೇಲೆ ಮುಂದಿನ ಬಣ್ಣದ ಮಾತೆತ್ತಬೇಕು. ಒಮ್ಮೆ ದಾಟಿದ್ದು ಅದೃಷ್ಟವಿರಬಹುದು. ಮೂರು ಬಾರಿ ದಾಟಿದ್ದು ಅಭ್ಯಾಸ.

ಬಾಗಿಲಿನಲ್ಲಿ ನಿಂತ ಪರೀಕ್ಷಕ

ಹಾದಿಗಳನ್ನು ಕಟ್ಟುವವರು ಬುದ್ಧಿವಂತರು. ಅನೇಕ ಕಠಿಣ ಹಾದಿಗಳ ಆರಂಭದಲ್ಲಿಯೇ, ಹತ್ತು ಹದಿನೈದು ಹೆಜ್ಜೆಯೊಳಗೆ, ಆ ಹಾದಿಯ ಸ್ವಭಾವವನ್ನು ತೋರಿಸುವ ಒಂದು ತೊಡಕನ್ನು ಬೇಕೆಂದೇ ಇಟ್ಟಿರುತ್ತಾರೆ. ಅದು ಕಡಿದಾದ ಬಂಡೆಯಿರಬಹುದು, ಇಕ್ಕಟ್ಟಾದ ಮರದ ಸೇತುವೆಯಿರಬಹುದು, ಹಠಾತ್ತನೆ ಇಳಿಯುವ ಮೆಟ್ಟಿಲಿರಬಹುದು. ಇದಕ್ಕೆ ಫಿಲ್ಟರ್, ಅಂದರೆ ಸೋಸುವ ಜರಡಿ, ಎಂದು ಹೆಸರು. ಒಳಗೆ ಇದೇ ಬಗೆಯ ತೊಡಕುಗಳಿವೆ, ಇಲ್ಲಿಯೇ ಹಿಂಜರಿದರೆ ಮುಂದೆ ಬರಬೇಡ ಎಂದು ಅದು ಹೇಳುತ್ತದೆ. ಲಿಫ್ಟು ತೆಗೆದುಹಾಕಿದ ಪರೀಕ್ಷಕನನ್ನು ಹಾದಿ ಕಟ್ಟುವವರು ಬಾಗಿಲಿನಲ್ಲಿ ಮರಳಿ ನಿಲ್ಲಿಸಿದ್ದಾರೆ. ಈ ತೊಡಕನ್ನು ಕಂಡು ಸೈಕಲ್ಲಿನಿಂದ ಇಳಿದು ಹಿಂದಿರುಗುವುದು ಸೋಲಲ್ಲ. ಅದು ಪರೀಕ್ಷಕನ ಮಾತನ್ನು ಅರ್ಥಮಾಡಿಕೊಂಡ ಲಕ್ಷಣ. ಅದರ ಪಕ್ಕದಲ್ಲಿ ಕಾಲ್ನಡಿಗೆಯಲ್ಲಿ ನುಸುಳಿ ಒಳಗೆ ಹೋಗುವುದು ಮಾತ್ರ ತನಗೆ ತಾನೇ ಮಾಡಿಕೊಂಡ ವಂಚನೆ.

ಅಲ್ಲಿನ ಪಾರ್ಕುಗಳು ಇನ್ನೊಂದು ಒಳ್ಳೆಯ ಕ್ರಮವನ್ನು ಬೋಧಿಸುತ್ತವೆ. ಹೊಸ ಹಾದಿಯ ಮೊದಲ ಸುತ್ತು ಕೇವಲ ನೋಡಲಿಕ್ಕೆ. ನಿಧಾನವಾಗಿ ಇಳಿಯುತ್ತ ಎಲ್ಲಿ ಏನಿದೆ ಎಂದು ಅರಿಯಬೇಕು. ಎರಡನೆಯ ಸುತ್ತು ಕಂಡದ್ದನ್ನು ಮಧ್ಯಮ ವೇಗದಲ್ಲಿ ಖಚಿತಪಡಿಸಿಕೊಳ್ಳಲಿಕ್ಕೆ. ಮೂರನೆಯದರಿಂದ ಮೇಲೆ ನಿಜವಾದ ಸವಾರಿ. ನಮ್ಮ ಶ್ರವಣ, ಮನನ, ನಿದಿಧ್ಯಾಸನಗಳ ಕ್ರಮವನ್ನು ಇದು ನೆನಪಿಗೆ ತರುತ್ತದೆ. ನಡುವೆ ನಿಂತು ನೋಡಬೇಕಾದಾಗ ಹಾದಿಯಿಂದ ಪಕ್ಕಕ್ಕೆ ಸರಿದು, ಮೇಲಿನಿಂದ ಬರುವವರಿಗೆ ಕಾಣುವಂತೆ ನಿಲ್ಲಬೇಕು. ದಿಬ್ಬದ ಕೆಳಗೆ ಎಂದಿಗೂ ನಿಲ್ಲಬಾರದು.

ದಣಿವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬೆಳಗ್ಗೆ ತಕ್ಕದ್ದಾಗಿದ್ದ ಹಾದಿ ಸಂಜೆಗೆ ತಕ್ಕದ್ದಾಗಿ ಉಳಿಯುವುದಿಲ್ಲ. ಚೀಟಿಯ ಹಣ ವ್ಯರ್ಥವಾಗಬಾರದೆಂದು ಲಿಫ್ಟು ನಿಲ್ಲುವವರೆಗೂ ಏರುವವರಿದ್ದಾರೆ. ಕೈಯಲ್ಲಿ ಇನ್ನೂ ಶಕ್ತಿಯಿರುವಾಗಲೇ ಮುಗಿಸುವುದು ವಿವೇಕ.

ಒಂದು ಕುಟುಂಬದ ಅನುಭವ

ನಮಗೆ ಆಪ್ತವಾದ ಕುಟುಂಬವೊಂದರ ತರುಣನು ಕೆನಡಾದಲ್ಲಿ ಉದ್ಯೋಗದಲ್ಲಿದ್ದಾನೆ. ಊರಿನಲ್ಲಿದ್ದಾಗ ಸೈಕಲ್ಲು, ಸ್ಕೂಟರುಗಳಲ್ಲಿ ಚುರುಕಾಗಿದ್ದವನು. ಮೊದಲ ಬೇಸಿಗೆಯಲ್ಲಿ ಸಹೋದ್ಯೋಗಿಗಳೊಡನೆ ಒಂದು ಬೈಕ್ ಪಾರ್ಕಿಗೆ ಹೋದನು. ಅವರೆಲ್ಲ ಹತ್ತು ಹನ್ನೆರಡು ವರ್ಷ ಪಳಗಿದವರು. ಹಸಿರು ಹಾದಿಯನ್ನು ಒಮ್ಮೆ ಇಳಿದು, ಅವರನ್ನು ಕಾಯಿಸಬಾರದೆಂಬ ಸಂಕೋಚದಿಂದ ನೀಲಿಯನ್ನು ಬಿಟ್ಟು ಅವರ ಹಿಂದೆಯೇ ಕಪ್ಪಿಗೆ ಹೋದನು. ಎರಡನೆಯ ದಿಬ್ಬದಲ್ಲಿ ಬಿದ್ದು ಕೊರಳೆಲುಬು ಮುರಿಯಿತು. ತಾಯಿಗೆ ವಿಷಯ ತಿಳಿದದ್ದು ಹತ್ತು ದಿನಗಳ ಮೇಲೆ. ಆ ಹತ್ತು ದಿನ ಮಗನು ನಗುತ್ತ ಮಾತನಾಡುತ್ತಿದ್ದನಲ್ಲ ಎಂಬುದು ಎಲುಬಿಗಿಂತ ಹೆಚ್ಚಾಗಿ ಆಕೆಯನ್ನು ನೋಯಿಸಿತು. ಆತನ ತಂದೆ ನಮ್ಮೊಡನೆ ಮಾತನಾಡುತ್ತ, ಇನ್ನು ಆ ಬೆಟ್ಟದ ಹೆಸರೆತ್ತಕೂಡದೆಂದು ಅಪ್ಪಣೆ ಮಾಡಿಬಿಡಲೇ ಎಂದು ಕೇಳಿದರು. ಅಪ್ಪಣೆ ಮಾಡಿದರೆ ಮಗನು ಹೋಗುವುದನ್ನು ಬಿಡುವುದಿಲ್ಲ, ಹೇಳುವುದನ್ನು ಬಿಡುತ್ತಾನೆ ಎಂದೆವು.

ಮರುವರ್ಷ ಆ ತರುಣನು ಶಿಕ್ಷಕನೊಬ್ಬನಿಂದ ಎರಡು ದಿನ ಪಾಠ ಹೇಳಿಸಿಕೊಂಡನು. ಆ ಬೇಸಿಗೆಯನ್ನೆಲ್ಲ ಹಸಿರು ಮತ್ತು ನೀಲಿಗಳಲ್ಲಿಯೇ ಕಳೆದನು. ಗೆಳೆಯರು ಕಪ್ಪಿಗೆ ಹೋದಾಗ, ಕೆಳಗೆ ಸಿಗುವೆನೆಂದು ಹೇಳಿ ತನ್ನ ಹಾದಿ ಹಿಡಿಯುವುದನ್ನು ಕಲಿತನು. ಅದನ್ನು ಹೇಳುವುದೇ ಮೊದಮೊದಲು ಎಲ್ಲಕ್ಕಿಂತ ಕಷ್ಟವಾಗಿತ್ತೆಂದು ಆತನೇ ನಮಗೆ ತಿಳಿಸಿದನು. ಆ ಮಾತನ್ನು ನಾವು ನಂಬುತ್ತೇವೆ. ಬಂಡೆಯ ಮೇಲಿನಿಂದ ಇಳಿಯಲು ಬೇಕಾದ ಧೈರ್ಯ ಅನೇಕರಲ್ಲಿದೆ. ಇದು ನನಗೆ ಇನ್ನೂ ಬರುವುದಿಲ್ಲ ಎಂದು ನಾಲ್ವರ ಎದುರಿಗೆ ಹೇಳುವ ಧೈರ್ಯ ಕೆಲವರಲ್ಲಿ ಮಾತ್ರ.

ಹೊರಡುವ ಮುನ್ನ

ಕೆಲವು ಲೌಕಿಕ ಏರ್ಪಾಡುಗಳನ್ನೂ ಹೇಳಬೇಕು. ಪೇಟೆಯ ಸೈಕಲ್ಲು ಈ ಕೆಲಸಕ್ಕೆ ಬಾರದು. ಡೌನ್‌ಹಿಲ್ ಸೈಕಲ್ಲಿನ ಮುಂದೆ ಹಿಂದೆ ಎರಡೂ ಕಡೆ ಸುಮಾರು 200 ಮಿಲಿಮೀಟರಿನಷ್ಟು ಕುಗ್ಗುವ ಆಘಾತನಿವಾರಕಗಳೂ ಎಣ್ಣೆಯ ಒತ್ತಡದಿಂದ ನಡೆಯುವ ಡಿಸ್ಕ್ ಬ್ರೇಕುಗಳೂ ಇರುತ್ತವೆ. ಹೊಸಬರು ಬಾಡಿಗೆಗೆ ಪಡೆಯುವುದೇ ಲೇಸು. ಗಲ್ಲವನ್ನೂ ಮುಚ್ಚುವ ಪೂರ್ಣ ಹೆಲ್ಮೆಟ್, ಮೊಳಕಾಲು ಮೊಳಕೈಗಳ ಕವಚ, ಬೆರಳು ಮುಚ್ಚುವ ಕೈಚೀಲ, ಕಣ್ಣಿನ ಗಾಗಲ್ ಇಲ್ಲದೆ ಹೋಗಬಾರದು. ಆದರೆ ಕವಚವು ಬಿದ್ದಾಗಿನ ಪೆಟ್ಟನ್ನು ತಗ್ಗಿಸುತ್ತದೆಯೇ ಹೊರತು ಬಾರದ ವಿದ್ಯೆಯನ್ನು ಕೊಡುವುದಿಲ್ಲ.

ಪಾರ್ಕಿನಲ್ಲಿ ಸಹಿ ಮಾಡಿಸಿಕೊಳ್ಳುವ ಹೊಣೆಗಾರಿಕೆಯ ಪತ್ರವನ್ನು ಓದಿಯೇ ಸಹಿ ಹಾಕಬೇಕು. ಊರಿನಿಂದ ಪ್ರವಾಸಕ್ಕೆಂದು ಹೋದವರು ತಮ್ಮ ಪ್ರವಾಸ ವಿಮೆಯಲ್ಲಿ ಇಂಥ ಕ್ರೀಡೆಯನ್ನು ಹೊರಗಿಟ್ಟಿದೆಯೇ ಎಂದು ಮೊದಲೇ ನೋಡಬೇಕು. ಸಾಹಸಕ್ರೀಡೆಗಳನ್ನು ಹೊರಗಿಡುವ ವಿಮೆಗಳು ಹಲವು. ಉತ್ತರ ಅಮೆರಿಕದಲ್ಲಿ ವಿಮೆಯಿಲ್ಲದ ಪ್ರವಾಸಿಯ ಆಸ್ಪತ್ರೆಯ ವೆಚ್ಚ ಮಧ್ಯಮ ವರ್ಗದ ಮನೆಯೊಂದನ್ನು ವರ್ಷಗಟ್ಟಲೆ ಸಾಲದಲ್ಲಿ ಕೆಡವಬಲ್ಲದು.

ಇನ್ನು ಊರಿನಲ್ಲಿರುವ ಹಿರಿಯರಿಗೆ ನಮ್ಮ ವಿಜ್ಞಾಪನೆ. ಹೋಗಬೇಡ ಎನ್ನುವುದು ಸುಲಭ. ಹುಷಾರಾಗಿ ಹೋಗು ಎನ್ನುವುದು ಇನ್ನೂ ಸುಲಭ. ಎರಡರಿಂದಲೂ ಪ್ರಯೋಜನವಿಲ್ಲ. ಅದರ ಬದಲು ನಾಲ್ಕು ಪ್ರಶ್ನೆಗಳನ್ನು ಕೇಳಿರಿ. ಯಾವ ಬಣ್ಣದ ಹಾದಿಗೆ ಹೋಗುತ್ತೀ? ಅದಕ್ಕಿಂತ ಕೆಳಗಿನ ಬಣ್ಣವನ್ನು ಬೀಳದೆ ಎಷ್ಟು ಬಾರಿ ಮುಗಿಸಿದ್ದೀ? ಅದರ ನಡುವೆ ಬೇಕೆಂದಲ್ಲಿ ನಿಲ್ಲಬಲ್ಲೆಯಾ? ಜೊತೆಯವರು ಮೇಲಿನ ಹಾದಿಗೆ ಹೋದರೆ ನೀನು ಬೇರೆ ಹಾದಿಯಲ್ಲಿ ಬರಬಲ್ಲೆಯಾ? ಈ ನಾಲ್ಕಕ್ಕೂ ತಡವರಿಸದೆ ಉತ್ತರ ಬಂದರೆ ನೀವು ನೆಮ್ಮದಿಯಿಂದ ಇರಬಹುದು. ಉತ್ತರ ತಡವರಿಸಿದರೆ, ಕೇಳಿದ ಪ್ರಶ್ನೆಯೇ ಮಗುವಿನ ಮನಸ್ಸಿನಲ್ಲಿ ಕೆಲಸ ಮಾಡುತ್ತದೆ. ಬಣ್ಣಗಳ ಅರ್ಥ ಬಲ್ಲ ತಂದೆತಾಯಿಗಳ ಬಳಿ ಮಕ್ಕಳು ಸುದ್ದಿಯನ್ನು ಮುಚ್ಚಿಡುವುದೂ ಕಡಿಮೆ.

ಸವಾರರಾದ ತರುಣರಿಗೆ ಹೇಳುವ ಮಾತು ಒಂದೇ. ಅಧಿಕಾರವನ್ನು ಯಾರೂ ದಯಪಾಲಿಸುವುದಿಲ್ಲ. ಅದನ್ನು ಕೆಳಗಿನ ಮೆಟ್ಟಿಲಿನಲ್ಲಿ ನಿಂತು ಸಂಪಾದಿಸಬೇಕು. ಹಸಿರು ಹಾದಿಯನ್ನು ಚೆನ್ನಾಗಿ ಇಳಿಯುವವನು ಕಪ್ಪು ಹಾದಿಯಲ್ಲಿ ಉರುಳುವವನಿಗಿಂತ ಉತ್ತಮ ಸವಾರ. ಆ ಪರ್ವತಗಳು ನೀವು ಹುಟ್ಟುವ ಮೊದಲೂ ಇದ್ದವು. ಮುಂದಿನ ಬೇಸಿಗೆಯಲ್ಲಿಯೂ ಅಲ್ಲಿಯೇ ಇರುತ್ತವೆ. ಅವುಗಳಿಗೆ ಅವಸರವಿಲ್ಲ. ನಿಮಗೂ ಅವಸರ ಬೇಡ.